ಬೂಟ್ ಆಗ್ತಾ ಇಲ್ಲ

ಶನಿವಾರ ಬೆಳಿಗ್ಗೆ ಅತ್ತಿಗೆಯ ಫೋನ್ ಬಡಿದುಕೊಳ್ಳುವಾಗ ಅವರು ಸ್ನಾನದ ಮನೆಯಲ್ಲಿದ್ದರು. ಎತ್ತಿದ್ದು ನಾನು. ಆ ಕಡೆ ಮೇಸ್ತ್ರಿ ತಾತ.

"ಬೂಟ್ ಆಗ್ತಾ ಇಲ್ಲ ಕಣಮ್ಮ," ಅಂದರು.

ಮೇಸ್ತ್ರಿ ತಾತ ಬೂಟು ಹೊಲಿಯುವವರು. ಅದೂ ಎಲ್ಲರಿಗಲ್ಲ, ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಯಾವ ಬೂಟೂ ಆಗದ ನನ್ನಂಥವರ ಕಾಲಿಗೆ. ನನ್ನ ಹೊಸ ಜೊತೆ ಸೋಮವಾರದ ಹೊತ್ತಿಗೆ ಕೈಗೆ, ಅಲ್ಲ ಕಾಲಿಗೆ, ಬರಬೇಕಿತ್ತು.

"ಆಗ್ತಾ ಇಲ್ಲ ಅಂದ್ರೆ ಏನರ್ಥ? ನನ್ನ ಕೇಳದೆ ಯಾರ ಕಾಲಿಗೆ ಹಾಕಿ ನೋಡಿದ್ರಿ?"

"ಅಯ್ಯೋ, ಕಾಲಿಂದಲ್ಲಮ್ಮ. ಕಂಪ್ಯೂಟರ್ ಬೂಟ್ ಆಗ್ತಾ ಇಲ್ಲ. ಸ್ಟಾರ್ಟಿಂಗ್ ಅಕ್ಕ ಇದ್ರೆ ಕೊಡು."

ಸ್ಟಾರ್ಟಿಂಗ್ ಅಕ್ಕ ಎಂದರೆ ನಮ್ಮ ಅತ್ತಿಗೆ, ನನ್ನ ಅಣ್ಣನ ಹೆಂಡತಿ. ಈ ಹೆಸರು ಯಾರಿಟ್ಟರೋ ಗೊತ್ತಿಲ್ಲ, ನಮ್ಮ ಬೀದಿಯಿಂದ ಮಾರ್ಕೆಟ್‌ವರೆಗೆ ಎಲ್ಲರ ಬಾಯಲ್ಲೂ ಅದೇ. ಮದುವೆಗೆ ಮುಂಚೆ ಟೈಪಿಂಗ್ ಕಲಿಸುವ ಒಂದು ಶಾಲೆಯಲ್ಲಿ ಕೆಲಸಕ್ಕಿದ್ದರಂತೆ. ಟೈಪ್‌ರೈಟರ್‌ಗಳ ಕಾಲ ಮುಗಿದು ಅಲ್ಲಿಗೆ ಹಳೆಯ ಕಂಪ್ಯೂಟರ್‌ಗಳು ಬಂದವು. ಅವುಗಳಲ್ಲಿ ಲಿನಕ್ಸ್ ಹಾಕಿದ್ದರು. ಯಾರೊಬ್ಬರ ಸೊತ್ತೂ ಅಲ್ಲದ, ಎಲ್ಲೆಲ್ಲಿಯವರೋ ಕೂಡಿ ಬರೆದು ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿರುವ ವ್ಯವಸ್ಥೆ ಅದು. ಬೆಳಿಗ್ಗೆ ಬೇಗ ಹೋಗಿ ಎಲ್ಲವನ್ನೂ ಶುರು ಮಾಡಿಡುವುದು ಅತ್ತಿಗೆಯ ಪಾಲಿಗೆ ಬಂದ ಕೆಲಸ. ಒಂದು ಎದ್ದರೆ ಇನ್ನೊಂದು ಏಳುತ್ತಿರಲಿಲ್ಲ. ಏಳದೇ ಇದ್ದವುಗಳ ಮುಂದೆ ಕೂತು ಕೂತು ಅವರಿಗೆ ಆ ವಿದ್ಯೆ ಕೈಹತ್ತಿತು. ಶಾಲೆ ಮುಚ್ಚಿದಾಗ ಕಂಪ್ಯೂಟರ್‌ಗಳು ನಮ್ಮ ಮನೆಯ ಮುಂದಿನ ಕೋಣೆಗೆ ಬಂದವು. ಅಣ್ಣ ಚಪ್ಪಲಿ ಬಿಡುವ ಜಾಗ ಹೋಯಿತೆಂದು ಗೊಣಗಿದ. ಅವನು ಇಂದಿಗೂ ಗೊಣಗುತ್ತಾನೆ, ಚಪ್ಪಲಿಯನ್ನು ಇಂದಿಗೂ ಮಾನಿಟರ್ ಕೆಳಗೇ ಬಿಡುತ್ತಾನೆ.

ಅತ್ತಿಗೆಯ ಹತ್ತಿರ ಪ್ರಿಂಟ್ ಬರುತ್ತಿಲ್ಲ, ನಿಧಾನ ಆಗಿದೆ ಎಂದು ಹೋದರೆ ವಾಪಸ್ ಕಳಿಸುತ್ತಾರೆ. "ಎದ್ದ ಮೇಲೆ ಅದು ಏನ್ ಬೇಕಾದ್ರೂ ಮಾಡ್ಕೊಳ್ಳಿ, ಏಳ್ಸೋದಷ್ಟೇ ನನ್ ಕೆಲಸ," ಅನ್ನುತ್ತಾರೆ. ಅಣ್ಣನನ್ನು ದಿನಾ ಬೆಳಿಗ್ಗೆ ಏಳಿಸಿ ಏಳಿಸಿ ಸಿಕ್ಕಿದ ತರಬೇತಿ ಎಂದು ನಾನು ಕಾಲೆಳೆಯುತ್ತೇನೆ. "ಕಂಪ್ಯೂಟರ್ರೇ ವಾಸಿ, ಯಾಕೆ ಏಳಲ್ಲ ಅಂತ ಬರೆದಾದ್ರೂ ತೋರಿಸುತ್ತೆ," ಎಂದು ಅವರ ಉತ್ತರ.

ಅದು ನಿಜ. ಚಿತ್ರ ಮೂಡುವ ಮುಂಚೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರ ಓಡುತ್ತವೆ. ನಾವೆಲ್ಲ ಅದನ್ನು ಕಂಡರೆ ಮುಖ ತಿರುಗಿಸುತ್ತೇವೆ. ಅತ್ತಿಗೆ ಕನ್ನಡಕ ಏರಿಸಿಕೊಂಡು, ಲೋಟದ ಚಹಾ ಪಕ್ಕದಲ್ಲಿಟ್ಟುಕೊಂಡು, ಪತ್ರಿಕೆ ಓದುವ ಹಾಗೆ ಓದುತ್ತಾರೆ. ಆಮೇಲೆ ತಂದವರ ಕಡೆ ತಿರುಗಿ ಒಂದೇ ಪ್ರಶ್ನೆ: "ಇತ್ತೀಚೆಗೆ ಏನು ಒಳ್ಳೇ ಕೆಲಸ ಮಾಡಿದ್ರಿ?"

ಏನು ತಪ್ಪು ಮಾಡಿದಿರಿ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲವಂತೆ. ಒಳ್ಳೆಯ ಕೆಲಸ ಎಂದರೆ ತಾವಾಗಿಯೇ ಹೇಳಿಕೊಳ್ಳುತ್ತಾರೆ. ಬೇಕರಿಯವಳು ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿದ್ದಳು. ಹಾಡು ಕಲಿಸುವವರೊಬ್ಬರು ವೈರುಗಳು ಅಸಹ್ಯವಾಗಿ ಕಾಣುತ್ತವೆಂದು ಉದ್ದದವನ್ನು ಒಂದು ಕಡೆ, ಗಿಡ್ಡದವನ್ನು ಒಂದು ಕಡೆ ಜೋಡಿಸಿದ್ದರು. ಅತ್ತಿಗೆ ಯಾರನ್ನೂ ಬೈಯುವುದಿಲ್ಲ. ಬೈಯುವ ಕೆಲಸ ನಮ್ಮ ಮನೆಯಲ್ಲಿ ನನ್ನದು.

ನಾನು ಅಂಚೆಯವಳು. ಗುಡ್ಡದ ಬೀದಿಗಳೆಲ್ಲ ನನ್ನ ಬೀಟು. ಮೆಟ್ಟಿಲು, ಇಳಿಜಾರು, ಮತ್ತೆ ಮೆಟ್ಟಿಲು. ಗಾಡಿ ಹೋಗುವ ದಾರಿಯಲ್ಲ, ನಡೆದೇ ಹಂಚಬೇಕು. ನನ್ನ ಬಲಗಾಲು ಹುಟ್ಟಿದಾಗಿನಿಂದ ಒಳಕ್ಕೆ ತಿರುಗಿದೆ, ಎಡಗಾಲಿಗಿಂತ ಗಿಡ್ಡ ಕೂಡ. ಮೇಸ್ತ್ರಿ ತಾತನ ಬೂಟು ಹಾಕಿಕೊಂಡರೆ ಆ ಕಾಲು ಇದೆ ಎನ್ನುವುದೇ ನನಗೆ ಮರೆತುಹೋಗುತ್ತದೆ. ಹಳೆಯ ಬೂಟಿನ ಅಟ್ಟೆ ಬಿಟ್ಟುಕೊಂಡಾಗಿನಿಂದ ನನ್ನನ್ನು ಕೌಂಟರಿನ ಹಿಂದೆ ಕೂರಿಸಿ ಮುದ್ರೆ ಒತ್ತಿಸುತ್ತಿದ್ದರು. ಕೂತು ಕೂತು ನನಗೆ ತಲೆ ಕೆಟ್ಟಿತ್ತು. ಬಂದವರ ಮೇಲೆಲ್ಲ ಕಾಲು ಕೆರೆದು ಜಗಳಕ್ಕೆ ಹೋಗುತ್ತಿದ್ದೆ. ಶುಕ್ರವಾರ ಪೋಸ್ಟ್‌ಮಾಸ್ಟರ್ ಕರೆದು, "ಸೋಮವಾರ ಬೂಟು ಹಾಕ್ಕೊಂಡು ಬಂದ್ರೆ ಬೀಟು ನಿಂದು. ಇಲ್ಲಾಂದ್ರೆ ಹೊಸಬನಿಗೆ ಕೊಟ್ಟುಬಿಡ್ತೀನಿ, ಜನ ಎಷ್ಟು ದಿನ ಕಾಯ್ತಾರೆ ಹೇಳು," ಅಂದಿದ್ದರು. ಅವರದೇನೂ ತಪ್ಪಿಲ್ಲ. ಆದರೆ ನನ್ನ ಬೀಟನ್ನು ಇನ್ನೊಬ್ಬನಿಗೆ ಕೊಡುವ ಮಾತು ಕೇಳಿ ನನಗೆ ಅನ್ನ ಸೇರಿರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಆ ಕಾಲನ್ನು ನಾನು ಯಾರಿಗೂ ತೋರಿಸುವುದಿಲ್ಲ. ಮನೆಯಲ್ಲೂ ಸಾಕ್ಸ್, ಮಲಗುವಾಗಲೂ ಸಾಕ್ಸ್. ಬೂಟು ಹೊಲಿಯುವ ತಾತನನ್ನು ಬಿಟ್ಟರೆ ನೋಡಿದ್ದವಳು ಅಮ್ಮ ಒಬ್ಬಳೇ, ಅವಳು ಈಗಿಲ್ಲ. ಅತ್ತಿಗೆ ಈ ಮನೆಗೆ ಬಂದು ಇಷ್ಟು ಕಾಲವಾದರೂ ನೋಡಿಲ್ಲ, ಕೇಳಿಯೂ ಇಲ್ಲ. ಅವರು ನನ್ನನ್ನು ನೀನು ಅನ್ನುತ್ತಾರೆ, ನಾನು ಅವರನ್ನು ನೀವು ಅನ್ನುತ್ತೇನೆ. ಒಂದೇ ತಟ್ಟೆಯಿಂದ ಕಡಲೆ ತಿನ್ನುವವರ ನಡುವೆ ಎಂಥ ನೀವು ಎಂದು ಅಣ್ಣ ನಗುತ್ತಾನೆ. ಆ ಬಿಗಿ ನಾನೇ ಇಟ್ಟುಕೊಂಡದ್ದು, ಸಾಕ್ಸ್ ಇಟ್ಟುಕೊಂಡ ಹಾಗೆ.

ಸ್ನಾನ ಮುಗಿಸಿ ಬಂದ ಅತ್ತಿಗೆ ವಿಷಯ ಕೇಳಿ ಚೀಲ ತೆಗೆದುಕೊಂಡರು. ನಾನೂ ಹೊರಟೆ. ಹಳೆಯ ಬೂಟಿಗೆ ದಾರ ಸುತ್ತಿಕೊಂಡು ಕುಂಟುತ್ತಾ ಹೋಗುವಾಗ ನನ್ನದು ಒಂದೇ ವರಾತ: ಬೇಗ ನಡೀರಿ, ಬೇಗ ನಡೀರಿ. "ಕುಂಟೋದು ನೀನು, ಅವಸರ ನಂಗಾ?" ಅಂದರು ಅತ್ತಿಗೆ. ನನಗೆ ಸಿಟ್ಟು ಬಂತು, ಹಾಗೆಯೇ ನಗುವೂ ಬಂತು.

ಮೇಸ್ತ್ರಿ ತಾತನ ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ. ಬಾಗಿಲ ಬಳಿ ಹೊಲಿಗೆ ಯಂತ್ರ, ಆಮೇಲೆ ಚರ್ಮದ ಸುರುಳಿಗಳು, ಕೊನೆಯಲ್ಲಿ ಮರದಲ್ಲಿ ಕಾಲಿನ ಅಚ್ಚು ಕೊರೆಯುವ ಯಂತ್ರ. ಅಚ್ಚು ಎಂದರೆ ನಮ್ಮ ಕಾಲಿನದೇ ಆಕಾರದ ದಿಮ್ಮಿ, ಅದರ ಮೇಲೆ ಚರ್ಮ ಎಳೆದು ಬೂಟು ಹೊಲಿಯುತ್ತಾರೆ. ಈ ಯಂತ್ರಕ್ಕೆ ದಾರಿ ಹೇಳುವುದು ಅತ್ತಿಗೆಯೇ ಲಿನಕ್ಸ್ ಹಾಕಿಕೊಟ್ಟ ಕಂಪ್ಯೂಟರು. ಕಾಲುಗಳ ಆಸ್ಪತ್ರೆಯವರು ಆಗೊಮ್ಮೆ ಈಗೊಮ್ಮೆ ಒಂದು ಕ್ಯಾಮೆರಾ ತಂದು, ಬಂದವರ ಕಾಲನ್ನೆಲ್ಲ ಸುತ್ತ ಚಿತ್ರ ತೆಗೆದು ಕಂಪ್ಯೂಟರಿಗೆ ಹಾಕಿ ಹೋಗುತ್ತಾರೆ. ಈ ಸಲ ನಾನು ಪರದೆಯ ಹಿಂದೆ, ತೆಳ್ಳಗಿನ ಸಾಕ್ಸ್‌ನಲ್ಲೇ, ಒಬ್ಬಳೇ ನಿಂತು ತೆಗೆಸಿಕೊಂಡಿದ್ದೆ. ಯಾರ ಕೈಯೂ ತಾಗಲಿಲ್ಲ. ಅದಕ್ಕಾಗಿ ಆ ಕ್ಯಾಮೆರಾ ಕಂಡುಹಿಡಿದವನಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೆ. ನನ್ನ ಅಚ್ಚು ಕೊರೆಯುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಇದು ಮಲಗಿತು.

ಅತ್ತಿಗೆ ಸ್ವಿಚ್ ಒತ್ತಿದರು. ಅಕ್ಷರಗಳು ಓಡಿದವು, ನಿಂತವು. ಕೊನೆಯಲ್ಲಿ 'ಪ್ಯಾನಿಕ್' ಎಂಬ ಪದ ನನಗೂ ಕಂಡಿತು.

"ಪ್ಯಾನಿಕ್ ಅಂತಿದೆ," ಅಂದೆ.

"ಅದಕ್ಕೆ ಗಾಬರಿ ಆಗಿದೆ, ನೀನು ಜೊತೆಗೆ ಸೇರ್ಕೋಬೇಡ. ಯಾವಾಗಲೂ ಕೊನೇ ಸಾಲು ಅಳೋ ಸಾಲು. ಯಾಕೆ ಅಳ್ತಿದೆ ಅನ್ನೋದು ಅದಕ್ಕೂ ಮೇಲೆ ಇರುತ್ತೆ." ಮೇಲಿನ ಸಾಲುಗಳ ಮೇಲೆ ಬೆರಳಿಟ್ಟು ಓದಿದರು. "ಏಳೋಕೆ ಬೇಕಾದ ಸಾಮಾನು ಅರ್ಧಂಬರ್ಧ ಸಿಕ್ಕಿದೆ. ಇರಲಿ, ಹಿಂದಿನ ಸೆಟ್ ಒಂದು ಯಾವಾಗಲೂ ಇಟ್ಟಿರುತ್ತೆ, ಅದರಿಂದ ಎಬ್ಬಿಸೋಣ."

ಮತ್ತೆ ಶುರು ಮಾಡಿ ಯಾವುದೋ ಕೀಲಿ ಒತ್ತಿ ಹಿಡಿದರು. ಒಂದು ಪಟ್ಟಿ ಬಂತು. ಅದರಲ್ಲಿ ಇದ್ದದ್ದು ಒಂದೇ ಹೆಸರು. ಅತ್ತಿಗೆ ಹುಬ್ಬು ಏರಿಸಿದರು. ಹಿಂದಿನದು ಇರಲೇ ಇಲ್ಲ.

ಕನ್ನಡಕ ತೆಗೆದು ಮೇಸ್ತ್ರಿ ತಾತನ ಕಡೆ ತಿರುಗಿದರು. "ಮೇಸ್ತ್ರಿಗಳೇ, ಇತ್ತೀಚೆಗೆ ಏನು ಒಳ್ಳೇ ಕೆಲಸ ಮಾಡಿದ್ರಿ?"

ತಾತನಿಗೆ ಹೇಳಿಕೊಳ್ಳಲು ಸಂತೋಷವೇ ಆಯಿತು. "ಕಾಲುಗಳೆಲ್ಲ ಎಲ್ಲೆಲ್ಲೋ ಬಿದ್ದಿದ್ವು ತಾಯಿ. ಒಂದು ಕಡೆ ನೀಟಾಗಿ ಜೋಡ್ಸೋಣ ಅಂತ ಜಾಗ ಹುಡುಕ್ತಿದ್ದೆ. ಒಳಗೆ ಹೋದ್ರೆ 'ಬೂಟ್' ಅಂತ ಒಂದು ಫೋಲ್ಡರ್ ಸಿಕ್ತು. ನಮ್ಮ ಕೆಲಸ ನೋಡಿ ನೀವೇ ಮಾಡಿಟ್ಟಿದೀರಿ ಅಂದ್ಕೊಂಡೆ. ಒಂದೊಂದೇ ಕಾಲು ಅದಕ್ಕೆ ಹಾಕ್ತಾ ಬಂದೆ."

ಅತ್ತಿಗೆಯ ಬಾಯಿ ತೆರೆದೇ ಇತ್ತು. "ಪಾಸ್‌ವರ್ಡ್ ಕೇಳಲಿಲ್ವಾ?"

"ಪ್ರತೀ ಸಲ ಕೇಳ್ತು. ಕೊಟ್ಟೆ. ಕೇಳಿದ್ರೆ ಕೊಡಿ ಅಂತ ನೀವೇ ಹೇಳಿದ್ರಲ್ಲ."

"ಹಳೇ ಸೆಟ್ಟು ಎಲ್ಲಿ ಹೋಯ್ತು?"

"ಜಾಗ ಸಾಲದು ಅಂತ ಬಂತು. ನೋಡಿದ್ರೆ ಯಾವುದೋ ಒಂದೆರಡರ ಮೇಲೆ 'ಓಲ್ಡ್' ಅಂತಿತ್ತು, ಅದರ ಜೊತೇದೂ ಹಳೇ ನಂಬರಿಂದು. ಹಳೇ ಬೂಟು ಇಟ್ಕೊಂಡು ಏನು ಮಾಡೋದು, ಎಲ್ಲ ಎಸೆದೆ."

ಅತ್ತಿಗೆ ನಕ್ಕರು. ಸ್ಟೂಲಿನ ಮೇಲೆ ಕೂತಲ್ಲೇ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ತಾತ ಏನೂ ತಿಳಿಯದೆ ತಾವೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನನ್ನ ಬೀಟು ಕೈಬಿಟ್ಟು ಹೋಗುವ ಹೊತ್ತಿನಲ್ಲಿ ಇವರಿಬ್ಬರಿಗೆ ನಗು.

"ಅದು ನಿಮ್ಮ ಬೂಟಲ್ಲ ಮೇಸ್ತ್ರಿಗಳೇ," ಅಂದರು ಅತ್ತಿಗೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡು. "ಮೆಷಿನ್ನು ಏಳೋದಕ್ಕೆ ಇಂಗ್ಲಿಷ್‌ನಲ್ಲಿ ಬೂಟ್ ಅಂತಾರೆ. ಅದು ಏಳೋವಾಗ ಬೇಕಾಗೋ ಸಾಮಾನು ಇಟ್ಕೊಳ್ಳೋ ಚಿಕ್ಕ ಗೂಡು. ನಾವು ಕನ್ನಡಕ ತಲೆಹತ್ರ ಇಟ್ಕೊಂಡು ಮಲಗಲ್ವಾ, ಹಾಗೆ. ನೀವು ಅದರಲ್ಲಿ ಊರವರ ಕಾಲೆಲ್ಲ ತುಂಬಿದೀರಿ. ಮೊನ್ನೆ ಹೊಸ ಅಪ್‌ಡೇಟ್ ಬಂದಿದೆ. ಇಡೋಕೆ ಜಾಗ ಇಲ್ಲದೆ ಅರ್ಧ ಇಟ್ಟು ನಿಂತಿದೆ. ತಪ್ಪು ನಂದೂ ಇದೆ. ಕೇಳಿದ್ರೆ ಕೊಡಿ ಅಂದೆ, ಯಾವಾಗ ಕೊಡಬಾರದು ಅಂತ ಹೇಳಲೇ ಇಲ್ಲ."

ಚೀಲದಿಂದ ಒಂದು ಪೆನ್‌ಡ್ರೈವ್ ತೆಗೆದು ಚುಚ್ಚಿದರು. ಅದರಲ್ಲೂ ಒಂದು ಪೂರ್ತಿ ಲಿನಕ್ಸ್ ಇರುತ್ತದಂತೆ. ಒಳಗಿನದು ಮಲಗಿದ್ದರೂ ಹೊರಗಿನದರಿಂದ ಯಂತ್ರ ಎದ್ದಿತು. ಪಕ್ಕದ ಮನೆಯವರು ಬಂದು ಬಾಗಿಲು ತೆಗೆದ ಹಾಗೆ ಅತ್ತಿಗೆ ಒಳಗಿನ ಡಿಸ್ಕನ್ನು ತೆರೆದು ನೋಡಿದರು. ಡಿಸ್ಕ್ ಚೆನ್ನಾಗಿಯೇ ಇತ್ತು. ಆ ಗೂಡಿನಲ್ಲಿ ಕಾಲುಗಳು ಸಾಲಾಗಿದ್ದವು, ತಾತ ತಾವೇ ಕೊಟ್ಟ ಹೆಸರುಗಳಲ್ಲಿ: ಬೇಕರಿಯಮ್ಮ ಎಡ, ಬೇಕರಿಯಮ್ಮ ಬಲ, ಬಸ್ ಡ್ರೈವರ್ ಬಲ, ಸ್ಕೂಲ್ ಆಯಾ ಎಡ. ಅತ್ತಿಗೆ ಎಲ್ಲವನ್ನೂ ತಾತನ ಸ್ವಂತ ಫೋಲ್ಡರಿಗೆ ಸಾಗಿಸಿದರು. ಗೂಡು ಖಾಲಿಯಾಯಿತು. ಆಮೇಲೆ ಅರ್ಧಕ್ಕೆ ನಿಂತಿದ್ದ ಸಾಮಾನನ್ನು ಹೊಸದಾಗಿ ಮಾಡಿಸಬೇಕಂತೆ. ಅದಕ್ಕೆ ಏನೇನೋ ಟೈಪ್ ಮಾಡಿದರು. ಟೈಪಿಂಗ್ ಶಾಲೆಯ ಕೈ, ಕೀಲಿಗಳನ್ನು ನೋಡುವುದೇ ಇಲ್ಲ. ತಾತ ತರಿಸಿದ್ದ ಚಹಾ ಆರಿಹೋಯಿತು, ಇನ್ನೊಂದು ತರಿಸಿದರು.

ಪೆನ್‌ಡ್ರೈವ್ ಕಿತ್ತು ಮತ್ತೆ ಸ್ವಿಚ್ ಒತ್ತಿದರು. ನಾನು ತುದಿಗಾಲಲ್ಲಿ ನಿಂತೆ. ನನ್ನ ಬಲಗಾಲು ಯಾವಾಗಲೂ ತುದಿಯಲ್ಲೇ ನಿಲ್ಲುವುದು, ಈಗ ಎಡವೂ ನಿಂತಿತು. ಅಕ್ಷರಗಳು ಓಡಿದವು, ಪ್ಯಾನಿಕ್ ಬರಲಿಲ್ಲ. ಪರದೆ ಒಮ್ಮೆ ಕಪ್ಪಾಗಿ ಬಣ್ಣ ಮೂಡಿತು. ತಾತ ಮೊಮ್ಮಗಳ ಫೋಟೊ ಹಾಕಿಕೊಂಡಿದ್ದರು, ಅವಳು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು.

"ಬೂಟ್ ಆಯ್ತು," ಅಂದರು ಅತ್ತಿಗೆ.

"ನಂದೂ ಆಗಬೇಕಲ್ಲ. ನನ್ನ ಕಾಲು ತೆಗೀರಿ ಮೊದಲು," ಅಂದೆ.

ತಾತ ಪಟ್ಟಿಯ ತಳಕ್ಕೆ ಹೋದರು. 'ಅಂಚೆ ಹುಡುಗಿ ಎಡ' ಸರಿಯಾಗಿ ತೆರೆಯಿತು. 'ಅಂಚೆ ಹುಡುಗಿ ಬಲ' ತೆರೆದಾಗ ಹಿಮ್ಮಡಿ ಬಂತು, ಪಾದದ ಸ್ವಲ್ಪ ಭಾಗ ಬಂತು, ಮುಂದೆ ಏನೂ ಇರಲಿಲ್ಲ. ಕತ್ತರಿಸಿದ ಹಾಗೆ ನಿಂತಿತ್ತು.

ಅತ್ತಿಗೆ ಪರದೆಯ ಹತ್ತಿರ ಬಾಗಿದರು. ಈ ಸಲ ನಗಲಿಲ್ಲ. "ಇದು ಕೊನೇಲಿ ಹಾಕಿದ್ದು. ಗೂಡು ತುಂಬಿದ್ದೇ ಇಲ್ಲಿಗೆ. ಅರ್ಧ ಒಳಗೆ ಹೋಗಿದೆ, ಅರ್ಧ ಹೋಗಿಲ್ಲ," ಅಂದರು. ಆಮೇಲೆ ಮೆಲ್ಲಗೆ, "ಎಲ್ಲದಕ್ಕೂ ಅಡ್ಡಗಾಲು ಹಾಕಿದ್ದು ನಿನ್ನ ಕಾಲೇ ಕಣೇ."

"ಮೊದಲಿದ್ದದ್ದು? ಅದು ಇರುತ್ತಲ್ಲ," ಅಂದೆ ತಾತನಿಗೆ.

ತಾತ ತಲೆ ತಗ್ಗಿಸಿದರು. "ಎರಡೆರಡು ಯಾಕೆ ಅಂತ ಅದನ್ನ ಅಳಿಸಿದೆ ಕೂಸೇ. ಕಸದ ಬುಟ್ಟೀನೂ ಖಾಲಿ ಮಾಡ್ದೆ."

ಅಳಿಸಿದ್ದನ್ನು ಹುಡುಕಿ ತೆಗೆಯುವ ದಾರಿಯನ್ನೂ ಅತ್ತಿಗೆ ನೋಡಿದರು. ಆ ಜಾಗದ ಮೇಲೆ ಆಗಲೇ ಬೇರೇನೋ ಬರೆದಾಗಿತ್ತು. ಕ್ಯಾಮೆರಾ ಮತ್ತೆ ಬರುವುದು ಯಾವಾಗಲೋ. ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಊರಿನವರ ಕಾಲೆಲ್ಲ ಉಳಿಸಿಕೊಂಡು ನನ್ನೊಬ್ಬಳದನ್ನೇ ಕಳೆದಿರಿ ಎಂದೆ, ಇಬ್ಬರಿಗೂ ಸೇರಿಸಿ. ಅಂದು ಮುಗಿಯುವಷ್ಟರಲ್ಲಿ ಅಳು ಬಂತು. ಗುಡ್ಡದ ಬೀದಿಗಳು, ಕಿಟಕಿಯಿಂದಲೇ ಕೈಚಾಚಿ ಕಾಗದ ಇಸಿದುಕೊಳ್ಳುವ ಅಜ್ಜಿ, ನನ್ನನ್ನು ಕಂಡರೆ ಮಾತ್ರ ಬೊಗಳದ ನಾಯಿ, ಎಲ್ಲ ನೆನಪಾಯಿತು.

ತಾತ ಎದ್ದು ಕಪಾಟಿನ ತಳದಿಂದ ಪ್ಲಾಸ್ಟರಿನ ಚೀಲ ಎಳೆದರು. "ನಿನ್ನ ಹಳೇ ಅಚ್ಚು ಈಗಿನ ಕಾಲಿಗೆ ಹೊಂದಲ್ಲ. ನೀನು ಚಿಕ್ಕವಳಿದ್ದಾಗ ಯಾವ ಕ್ಯಾಮೆರಾ ಇತ್ತು? ಕಾಲಿಗೆ ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೀತಿದ್ದೆ. ಈಗ ಹಚ್ಚಿದ್ರೆ ನಾಳೆ ಸಂಜೆಗೆ ಬೂಟು ಹೊಲಿದು ಕೊಡ್ತೀನಿ. ಆದ್ರೆ ಕಾಲನ್ನ ನೆಟ್ಟಗೆ ತಿರುಗಿಸಿ ಹಿಡ್ಕೊಳ್ಳೋಕೆ ಇನ್ನೊಬ್ರು ಬೇಕು. ಆಗ ನಿಮ್ಮಮ್ಮ ಹಿಡ್ಕೊಳ್ತಿದ್ರು."

ಕೋಣೆಯಲ್ಲಿ ಇನ್ನೊಬ್ಬರು ಎಂದರೆ ಅತ್ತಿಗೆ. ಅವರು ನನ್ನನ್ನು ನೋಡಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ, "ನಾನು ಕಣ್ಮುಚ್ಚಿಕೊಂಡು ಬೇಕಾದ್ರೂ ಹಿಡೀತೀನಿ," ಅಂದರು.

ನಾನು ಕಾಲು ಮುಚ್ಚಿಡುವುದು ಅವರಿಗೆ ಗೊತ್ತಿತ್ತು. ಇಷ್ಟು ವರ್ಷ ಕೇಳದೇ ಇದ್ದದ್ದು ಗೊತ್ತಿಲ್ಲದೇ ಅಲ್ಲ. ನನಗೆ ನಾಚಿಕೆಯಾಯಿತು, ಕಾಲಿನ ಬಗ್ಗೆ ಅಲ್ಲ, ಅವರಿಂದಲೂ ಬಚ್ಚಿಟ್ಟದ್ದಕ್ಕೆ. ಸ್ಟೂಲಿನ ಮೇಲೆ ಕೂತು ದಾರ ಬಿಚ್ಚಿ, ಬೂಟು ಕಳಚಿ, ಸಾಕ್ಸ್ ತೆಗೆದೆ.

"ಮುಚ್ಕೋಬೇಡಿ," ಅಂದೆ.

ಅತ್ತಿಗೆ ನೆಲದ ಮೇಲೆ ಕೂತು ನನ್ನ ಕಾಲನ್ನು ಮಡಿಲಿಗೆ ತೆಗೆದುಕೊಂಡರು. ಕನ್ನಡಕ ಏರಿಸಿಕೊಂಡು ನೋಡಿದರು, ಕಪ್ಪು ಪರದೆಯ ಸಾಲುಗಳನ್ನು ಓದುವ ಹಾಗೆಯೇ, ಅವಸರವಿಲ್ಲದೆ, ಮೇಲಿನಿಂದ ಕೆಳಗೆ. ಅಯ್ಯೋ ಪಾಪ ಎನ್ನಲಿಲ್ಲ. ಬಾಗಿದ ಬೆರಳುಗಳ ಮೇಲೆ ಕೈಯಾಡಿಸಿ, "ಎಷ್ಟು ತಣ್ಣಗಿದೆ. ಸಾಕ್ಸ್ ಹಾಕ್ಕೊಂಡು ಮಲಗಿದ್ರೂ ಇಷ್ಟೇನಾ?" ಅಂದರು.

ತಾತ ಒದ್ದೆ ಪ್ಲಾಸ್ಟರ್ ಸುತ್ತಿದರು. ಅತ್ತಿಗೆ ಎರಡೂ ಕೈಯಲ್ಲಿ ಹಿಮ್ಮಡಿ ಮತ್ತು ಬೆರಳು ಹಿಡಿದು, ತಾತ ಹೇಳಿದಷ್ಟು ತಿರುಗಿಸಿ, ಅದು ಗಟ್ಟಿಯಾಗುವ ತನಕ ಅಲುಗಾಡದೆ ಕೂತರು. ಕಾಯುವುದು ಅವರಿಗೆ ಅಭ್ಯಾಸ. ಪ್ಲಾಸ್ಟರ್ ಬಿಸಿಯಾಗುತ್ತಾ ಬಂತು. ನಡುವೆ ಅವರ ಮೂಗು ತುರಿಸಿತು, ಕೈ ಬಿಡುವ ಹಾಗಿಲ್ಲ, ನಾನೇ ತುರಿಸಿದೆ. ಮೂವರೂ ನಕ್ಕೆವು. "ನಗಬೇಡಿ, ಅಚ್ಚು ಕೆಡುತ್ತೆ," ಎಂದು ತಾತ ಗದರಿದರು.

ಭಾನುವಾರ ಸಂಜೆ ತಾತ ಮಾತು ಉಳಿಸಿಕೊಂಡರು. ಸೋಮವಾರ ನಾನು ಗುಡ್ಡದ ಬೀದಿಗಳನ್ನೆಲ್ಲ ನಡೆದು ಹಂಚಿದೆ. ಅಜ್ಜಿ ಕಾಗದ ಇಸಿದುಕೊಂಡು, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಬೈದಳು. ನಾಯಿ ಬೊಗಳಲಿಲ್ಲ. ಸಂಜೆ ಮನೆಗೆ ಬಂದಾಗ ಅತ್ತಿಗೆ ಮುಂದಿನ ಕೋಣೆಯಲ್ಲಿ ಯಾರದೋ ಕಂಪ್ಯೂಟರಿನ ಮುಚ್ಚಳ ಬಿಚ್ಚಿಕೊಂಡು ಕೂತಿದ್ದರು.

"ಬೂಟ್ ಆಯ್ತಾ?" ಎಂದು ತಲೆ ಎತ್ತದೆ ಕೇಳಿದರು.

"ಯಾವುದು, ಕಂಪ್ಯೂಟರಿಂದಾ, ಕಾಲಿಂದಾ?" ಎಂದು ಒಳಗಿನಿಂದ ಅಣ್ಣ ಕೂಗಿದ.

ನಾನು ಬೂಟು ಕಳಚಿ ಅಣ್ಣನ ಚಪ್ಪಲಿಯ ಪಕ್ಕ ಬಿಟ್ಟೆ. ಸಾಕ್ಸನ್ನೂ ತೆಗೆದೆ. ಸ್ಟೂಲು ಎಳೆದುಕೊಂಡು ಕೂತು ಬಲಗಾಲನ್ನು ಅವರ ಮುಂದೆ ಚಾಚಿದೆ. ದಿನವಿಡೀ ನಡೆದಿದ್ದರೂ ಎಲ್ಲೂ ಒಂದು ಗುಳ್ಳೆ ಎದ್ದಿರಲಿಲ್ಲ.

"ಆಯ್ತು ಅತ್ತಿಗೆ," ಅಂದೆ. "ನೀನೇ ನೋಡು."

ಅತ್ತಿಗೆ ಸ್ಕ್ರೂಡ್ರೈವರ್ ಕೆಳಗಿಟ್ಟು ನೋಡಿದರು.